ಹೆರಿಗೆಗೆ ಕಾಯುವವರು ಯಾರು?

ಪರದೇಶದಲ್ಲಿ ಬಸುರಿಯಾಗಿದ್ದಾಗ, ಮೂವತ್ತನೆಯ ವಾರದ ತಪಾಸಣೆಯಲ್ಲಿ ನನ್ನ ವೈದ್ಯೆಯನ್ನು ಕೇಳಿದ್ದೆ: "ಸಹಜ ಹೆರಿಗೆಗೆ ನೀವು ಬೆಂಬಲ ಕೊಡುತ್ತೀರಾ?" ಅವರು ನಕ್ಕು, "ಖಂಡಿತ, ಎಲ್ಲವೂ ಸರಿಯಿದ್ದರೆ ಸಹಜವಾಗಿಯೇ ಆಗುತ್ತದೆ" ಎಂದರು. ನಾನು ನೆಮ್ಮದಿಯಿಂದ ಮನೆಗೆ ಬಂದೆ. ಆ ಮಾತಿನಿಂದ ನನಗೆ ಏನೂ ತಿಳಿದಿಲ್ಲ ಎಂಬುದು ಅರಿವಾಗಲು ಎರಡು ವಾರ ಹಿಡಿಯಿತು. ಎಲ್ಲವೂ ಸರಿಯಿದೆಯೋ ಇಲ್ಲವೋ ಎಂದು ಆ ಹೊತ್ತಿಗೆ ತೀರ್ಮಾನಿಸುವವರು ಯಾರು, ಯಾವ ಅಳತೆಯಿಂದ ತೀರ್ಮಾನಿಸುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಮುಂದಿನ ಬಾರಿ ಪ್ರಶ್ನೆ ಬದಲಿಸಿದೆ: "ನನಗೆ ನೋವು ಶುರುವಾದ ದಿನ ನೀವೇ ಬರುತ್ತೀರಾ?" ಬರೆಯುತ್ತಿದ್ದ ಪೆನ್ನನ್ನು ಅವರು ಮೇಜಿನ ಮೇಲಿಟ್ಟರು. "ನಾವು ಒಂಬತ್ತು ಮಂದಿ ಇದ್ದೇವೆ. ಆ ದಿನ ಯಾರ ಪಾಳಿಯೋ ಅವರು ನೋಡಿಕೊಳ್ಳುತ್ತಾರೆ." ಉಳಿದ ಎಂಟು ಮಂದಿಯ ಹೆಸರೂ ನನಗೆ ಗೊತ್ತಿರಲಿಲ್ಲ.

ಹೊರದೇಶದಲ್ಲಿ ನೆಲೆಸಿರುವ ಗರ್ಭಿಣಿಯರು ಪರಿಚಿತರನ್ನು ಕೇಳುವ ಮೊದಲ ಪ್ರಶ್ನೆ "ಒಳ್ಳೆಯ ಡಾಕ್ಟರ್ ಯಾರಿದ್ದಾರೆ?" ಎಂಬುದೇ. ಪ್ರಶ್ನೆ ಸಹಜವಾದದ್ದು, ಆದರೆ ಅದರ ಉತ್ತರ ಅರ್ಧ ದಾರಿಗೆ ಮಾತ್ರ ಸಾಕಾಗುತ್ತದೆ. ಸಹಜ ಹೆರಿಗೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಸಮಯ. ಚೊಚ್ಚಲ ಹೆರಿಗೆಯ ನೋವು ಹನ್ನೆರಡು, ಹದಿನಾಲ್ಕು ಗಂಟೆ ನಡೆಯಬಹುದು. ಅಷ್ಟು ಹೊತ್ತು ಪಕ್ಕದಲ್ಲಿ ಕುಳಿತು, ಅವಸರ ಮಾಡದೆ, ಕಣ್ಣು ತಪ್ಪಿಸದೆ ಇರುವವರು ಯಾರು? ಆ ದೇಶದ ವ್ಯವಸ್ಥೆ ಕಾಯುವ ಕೆಲಸವನ್ನು ಯಾರಿಗೆ ವಹಿಸಿದೆ? ಕನ್ನಡದಲ್ಲಿ ಕಾಯುವುದು ಎಂದರೆ ಎದುರುನೋಡುವುದೂ ಹೌದು, ಕಾವಲಿರುವುದೂ ಹೌದು. ಹೆರಿಗೆ ಕೋಣೆಯಲ್ಲಿ ಎರಡೂ ಅರ್ಥದಲ್ಲಿ ಕಾಯುವವರು ಬೇಕು.

ಈ ಕೆಲಸ ಒಂದೊಂದು ದೇಶದಲ್ಲಿ ಒಂದೊಂದು ಕೈಯಲ್ಲಿದೆ. ನೆದರ್‌ಲೆಂಡ್ಸ್‌ನಲ್ಲಿ ತೊಂದರೆಯಿಲ್ಲದ ಬಸುರಿ ಮೊದಲಿನಿಂದ ಕೊನೆಯವರೆಗೆ ಮಿಡ್‌ವೈಫ್‌ಗಳ ಕೈಯಲ್ಲೇ ಇರುತ್ತಾಳೆ. ಅವರು ಕಳಿಸಿದರೆ ಮಾತ್ರ ಪ್ರಸೂತಿ ತಜ್ಞರ ಬಳಿ ಹೋಗುವುದು. ಮಿಡ್‌ವೈಫ್ ಎಂದರೆ ತರಬೇತಿ, ಪರವಾನಗಿ, ಕಾನೂನಿನ ಹೊಣೆ ಎಲ್ಲವೂ ಇರುವ ವೃತ್ತಿಪರ ಸೂಲಗಿತ್ತಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಎಲ್ಲವೂ ಸುಸೂತ್ರವಾಗಿ ನಡೆದರೆ ಪ್ರಸೂತಿ ತಜ್ಞರ ಮುಖವನ್ನೇ ನೋಡದೆ ಮಗುವಿನೊಂದಿಗೆ ಮನೆಗೆ ಬರಬಹುದು. ಇಂಥ ದೇಶಕ್ಕೆ ಹೋಗಿ "ನನ್ನನ್ನು ಡಾಕ್ಟರ್ ನೋಡುತ್ತಲೇ ಇಲ್ಲ" ಎಂದು ಗಾಬರಿಯಾದವರನ್ನು ನಾನು ಕಂಡಿದ್ದೇನೆ. ಸಹಜ ಹೆರಿಗೆ ಬೇಕೆನ್ನುವವರಿಗೆ ಅದು ಗಾಬರಿಯ ವಿಷಯವಲ್ಲ. ಬೇಕಾದದ್ದು ಹುಡುಕುವ ಮೊದಲೇ ಸಿಕ್ಕಿದೆ.

ಜರ್ಮನಿಯ ಏರ್ಪಾಡು ಹೊಸಬರನ್ನು ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಒಂಬತ್ತು ತಿಂಗಳ ತಪಾಸಣೆ ಸಾಮಾನ್ಯವಾಗಿ ಸ್ವಂತ ಕ್ಲಿನಿಕ್ ನಡೆಸುವ ಸ್ತ್ರೀರೋಗ ತಜ್ಞರದು. ಹೆರಿಗೆಗೆ ಅವರು ಬರುವುದು ಅಪರೂಪ. ಹೆರಿಗೆ ನಡೆಯುವುದು ಆಸ್ಪತ್ರೆಯಲ್ಲಿ, ಅಲ್ಲಿನ ಪಾಳಿಯ ಮಿಡ್‌ವೈಫ್ ಮತ್ತು ವೈದ್ಯರ ಕೈಯಲ್ಲಿ. ಪ್ರತಿ ಹೆರಿಗೆಗೂ ಮಿಡ್‌ವೈಫ್ ಇರುವಂತೆ ವೈದ್ಯರು ನೋಡಿಕೊಳ್ಳಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಹಾಗಾಗಿ ಊರೆಲ್ಲ ಸುತ್ತಿ ಮನಸ್ಸಿಗೊಪ್ಪುವ ವೈದ್ಯೆಯನ್ನು ಹುಡುಕಿ, ಆಸ್ಪತ್ರೆಯನ್ನು ಮಾತ್ರ ಮನೆಗೆ ಹತ್ತಿರ ಎಂಬ ಕಾರಣಕ್ಕೆ ಆರಿಸಿಕೊಂಡರೆ ಹುಡುಕಾಟದ ಶ್ರಮವೆಲ್ಲ ತಪ್ಪು ಕಡೆ ಹೋದಂತೆ.

ಅಮೆರಿಕದಲ್ಲಿ ಹೆಚ್ಚಿನ ಹೆರಿಗೆ ಪ್ರಸೂತಿ ವೈದ್ಯರದು. ಅವರು ಗುಂಪಾಗಿ ಕೆಲಸ ಮಾಡುತ್ತಾರೆ, ಸರದಿಯಲ್ಲಿ ಬರುತ್ತಾರೆ. ಯಾರ ಬಳಿ ಹೋಗಬಹುದು ಎಂಬುದನ್ನು ವಿಮೆಯ ಪಟ್ಟಿ ಮೊದಲೇ ಗೆರೆ ಎಳೆದು ಹೇಳಿರುತ್ತದೆ. ಇದಕ್ಕೆ ತದ್ವಿರುದ್ಧ ಬ್ರೆಜಿಲ್‌ನ ಖಾಸಗಿ ಆಸ್ಪತ್ರೆಗಳು. ಅಲ್ಲಿ ನೀವು ಆರಿಸಿಕೊಂಡ ವೈದ್ಯರೇ ಹೆರಿಗೆಗೆ ಬರುವುದು ರೂಢಿ. ಕೇಳಲು ಇದೇ ಒಳ್ಳೆಯದೆನಿಸುತ್ತದೆ. ಆದರೆ ಅಲ್ಲಿನ ಖಾಸಗಿ ವಲಯದಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಆಗುತ್ತಿವೆ. ದಿನವಿಡೀ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುವ ಒಬ್ಬ ವೈದ್ಯರು ಒಬ್ಬಳೇ ಹೆಣ್ಣಿನ ಪಕ್ಕ ಹದಿನಾಲ್ಕು ಗಂಟೆ ಕೂರಲಾರರು. ಶಸ್ತ್ರಚಿಕಿತ್ಸೆಗಾದರೆ ಒಂದು ಗಂಟೆ ಸಾಕು, ಗಳಿಗೆಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ವೈದ್ಯರು ಕೆಟ್ಟವರಾಗಬೇಕಿಲ್ಲ, ಏರ್ಪಾಡೇ ಅವರನ್ನು ಆ ಕಡೆಗೆ ತಳ್ಳುತ್ತದೆ. ಕೇಳಿದವರಿಗೆ ವೈದ್ಯರ ಮತ್ತು ಆಸ್ಪತ್ರೆಯ ಸಿಸೇರಿಯನ್ ಪ್ರಮಾಣವನ್ನು ತಿಳಿಸಲೇಬೇಕೆಂದು ಆ ದೇಶ 2015ರಲ್ಲಿ ಖಾಸಗಿ ವಿಮಾ ಯೋಜನೆಗಳಿಗೆ ನಿಯಮ ಮಾಡಬೇಕಾಯಿತು. ಅದೇ ವೈದ್ಯರು ಬರುತ್ತಾರೆ ಎಂಬುದಷ್ಟರಿಂದಲೇ ನೆಮ್ಮದಿ ಪಡುವಂತಿಲ್ಲ ಎಂಬುದು ನನಗೆ ಮನದಟ್ಟಾದದ್ದು ಈ ಉದಾಹರಣೆಯಿಂದ.

ಕಾಯುವ ವಿಷಯದಲ್ಲಿ ಒಂದು ಗ್ರಾಫ್ ಮಾಡಿದ ಕೆಲಸವನ್ನು ಹೇಳಲೇಬೇಕು. 1955ರಲ್ಲಿ ಅಮೆರಿಕದ ಎಮ್ಯಾನುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು 500 ಚೊಚ್ಚಲ ಬಸುರಿಯರ ಹೆರಿಗೆಯನ್ನು ಗಮನಿಸಿ, ಗರ್ಭಕೋಶದ ಬಾಯಿ ಎಷ್ಟು ಗಂಟೆಗೆ ಎಷ್ಟು ತೆರೆಯುತ್ತದೆ ಎಂಬ ರೇಖೆ ಬರೆದರು. ಮುಂದೆ ದಶಕಗಳ ಕಾಲ ಗಂಟೆಗೆ ಒಂದು ಸೆಂಟಿಮೀಟರ್ ಎಂಬ ಲೆಕ್ಕ ಜಗತ್ತಿನ ಹೆರಿಗೆ ಕೋಣೆಗಳನ್ನು ಆಳಿತು. ಅದಕ್ಕಿಂತ ನಿಧಾನವಾದರೆ ನೋವಿನ ಬಿರುಸು ಹೆಚ್ಚಿಸುವ ಔಷಧದ ಡ್ರಿಪ್, ಅದಕ್ಕೂ ಜಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಇಂದಿನ ತಿಳಿವಳಿಕೆ ಬೇರೆಯಾಗಿದೆ. ಅಮೆರಿಕದ ಪ್ರಸೂತಿ ವೈದ್ಯರ ಸಂಘ 2014ರಲ್ಲಿ, ಆರು ಸೆಂಟಿಮೀಟರ್ ತೆರೆಯುವವರೆಗೆ ಹೆರಿಗೆಯ ಬಿರುಸಿನ ಹಂತ ಆರಂಭವಾಯಿತೆಂದು ಎಣಿಸಬಾರದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಆ ಗಡಿಯನ್ನು ಐದು ಸೆಂಟಿಮೀಟರಿಗೆ ಇಟ್ಟಿದೆ. ತಾಯಿ ಮಗು ಚೆನ್ನಾಗಿದ್ದರೆ, ಗಂಟೆಗೆ ಒಂದು ಸೆಂಟಿಮೀಟರ್ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕೈಹಾಕಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಆದರೆ ಮಾರ್ಗಸೂಚಿ ಬದಲಾದ ಮರುದಿನವೇ ವಾರ್ಡಿನ ರೂಢಿ ಬದಲಾಗುವುದಿಲ್ಲ. "ಬಾಯಿ ನಾಲ್ಕು ಸೆಂಟಿಮೀಟರ್ ತೆರೆದು ನಾಲ್ಕು ಗಂಟೆ ಅಲ್ಲೇ ನಿಂತರೆ ನೀವು ಏನು ಮಾಡುತ್ತೀರಿ?" ಎಂದು ಕೇಳಿ ನೋಡಿ. ಉತ್ತರದಲ್ಲಿ ಆ ಆಸ್ಪತ್ರೆ 1955ರಲ್ಲಿದೆಯೋ ಇಂದಿನಲ್ಲಿದೆಯೋ ತಿಳಿದುಬಿಡುತ್ತದೆ.

ಇನ್ನೊಂದು ಸಣ್ಣ ವಸ್ತು, ಹೊಟ್ಟೆಗೆ ಕಟ್ಟುವ ಸಿಟಿಜಿ ಪಟ್ಟಿ. ನೋವು ಶುರುವಾಗಿ ದಾಖಲಾದಾಗ ಎರಡು ಎಲಾಸ್ಟಿಕ್ ಪಟ್ಟಿಗಳನ್ನು ಸುತ್ತಿ, ಒಂದೊಂದಕ್ಕೂ ಬಿಲ್ಲೆಯಂಥ ಸಂವೇದಕ ಸಿಕ್ಕಿಸುತ್ತಾರೆ. ಒಂದು ಮಗುವಿನ ಎದೆಬಡಿತ ಹಿಡಿಯುತ್ತದೆ, ಇನ್ನೊಂದು ನೋವಿನ ಅಲೆಯನ್ನು. ಯಂತ್ರದಿಂದ ಕಾಗದದ ಸುರುಳಿ ಸರಸರನೆ ಹೊರಬರುತ್ತದೆ. ನೀವು ಮಗ್ಗುಲಾದರೆ ಬಿಲ್ಲೆ ಜಾರುತ್ತದೆ, ಬಡಿತ ಕಾಣೆಯಾಗುತ್ತದೆ, ಯಂತ್ರ ಕೂಗುತ್ತದೆ, ಯಾರೋ ಬಂದು ಪಟ್ಟಿ ಸರಿಪಡಿಸಿ "ಸ್ವಲ್ಪ ಅಲ್ಲಾಡದೆ ಮಲಗಿ" ಎನ್ನುತ್ತಾರೆ. ಮೂರನೆಯ ಸಲ ಹಾಗೆಂದ ಮೇಲೆ ನೀವು ಅಲ್ಲಾಡುವುದನ್ನೇ ಬಿಡುತ್ತೀರಿ. ಅಂಗಾತ ಮಲಗಿದರೆ ನೋವು ತಡೆಯುವುದು ಕಷ್ಟ, ಹಾಗಾಗಿ ಬೆನ್ನಿಗೆ ಎಪಿಡ್ಯೂರಲ್ ಎಂಬ ನೋವು ತಗ್ಗಿಸುವ ಚುಚ್ಚುಮದ್ದು. ಅದರಿಂದ ಗರ್ಭಕೋಶದ ಸಂಕೋಚನದ ಬಿರುಸು ತಗ್ಗಿತೆಂದು ಕಂಡರೆ ಡ್ರಿಪ್. ಡ್ರಿಪ್‌ಗೆ ಮಗುವಿನ ಬಡಿತ ಏರುಪೇರಾದರೆ ಓಡಾಟ, ಗಡಿಬಿಡಿ. ಪ್ರತಿ ಮೆಟ್ಟಿಲಿಗೂ ಆ ಗಳಿಗೆಯಲ್ಲಿ ಕಾರಣವಿರುತ್ತದೆ, ಪ್ರತಿಯೊಂದನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಮೊದಲ ಮೆಟ್ಟಿಲು ಬೇಕಿತ್ತೇ? ತೊಂದರೆ ಇರುವ ಬಸುರಿಯಲ್ಲಿ, ಔಷಧ ಕೊಟ್ಟು ನೋವು ಬರಿಸಿದ ಹೆರಿಗೆಯಲ್ಲಿ ಆ ಪಟ್ಟಿ ಬೇಕು. ಸಲೀಸಾಗಿ ಸಾಗುತ್ತಿರುವ ಹೆರಿಗೆಯಲ್ಲಿ ಆಗಾಗ್ಗೆ ಕೈಯ ಉಪಕರಣದಿಂದ ಬಡಿತ ಕೇಳಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 37,000ಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ 13 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ, ಕಾಕ್ರೇನ್ ಎಂಬ ಸ್ವತಂತ್ರ ವೈದ್ಯಕೀಯ ಸಂಶೋಧನಾ ಜಾಲದ ವಿಮರ್ಶೆಯ ಪ್ರಕಾರ, ಎಡೆಬಿಡದ ಸಿಟಿಜಿಯಿಂದ ನವಜಾತ ಶಿಶುಗಳ ಫಿಟ್ಸ್ ಅರ್ಧಕ್ಕಿಳಿಯಿತು. ಅದು ಅಪರೂಪದ ತೊಂದರೆಯಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದೇ. ಆದರೆ ಶಿಶುಮರಣವಾಗಲಿ, ಮೆದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯಾಗಲಿ ಕಡಿಮೆಯಾಗಲಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚಿತು.

ಆದ್ದರಿಂದ ವಾರ್ಡ್ ನೋಡಲು ಹೋದಾಗ ಗೋಡೆಯ ಬಣ್ಣಕ್ಕಿಂತ ಮೊದಲು ಈ ಪಟ್ಟಿಯ ಬಗ್ಗೆ ಕೇಳಬೇಕು. ಎಲ್ಲರಿಗೂ ಕಟ್ಟುತ್ತೀರಾ? ತಂತಿಯಿಲ್ಲದ ಯಂತ್ರ ಇದೆಯೇ, ಇದ್ದರೆ ಎಷ್ಟಿವೆ? ನಡೆದಾಡಬಹುದೇ, ಕುಕ್ಕರಗಾಲಲ್ಲಿ ಕೂತು ಹೆರಬಹುದೇ?

ಸಂಖ್ಯೆಗಳನ್ನು ಕೇಳುವುದರಲ್ಲೂ ಒಂದು ಜಾಣ್ಮೆ ಇದೆ. ಆಸ್ಪತ್ರೆಯ ಒಟ್ಟು ಸಿಸೇರಿಯನ್ ಪ್ರಮಾಣ ಹೆಚ್ಚೇನೂ ಹೇಳುವುದಿಲ್ಲ. ಸುತ್ತಲಿನ ಜಟಿಲ ಬಸುರಿಗಳೆಲ್ಲ ಬಂದು ಸೇರುವ ದೊಡ್ಡ ಆಸ್ಪತ್ರೆಯಲ್ಲಿ ಅದು ಹೆಚ್ಚಿರುವುದು ನ್ಯಾಯವೇ. ಐರ್ಲೆಂಡಿನ ವೈದ್ಯ ಮೈಕೆಲ್ ರಾಬ್ಸನ್ 2001ರಲ್ಲಿ ಇದಕ್ಕೊಂದು ದಾರಿ ತೋರಿದರು. ಮೊದಲನೆಯ ಹೆರಿಗೆಯೇ, ಮಗು ಒಂದೇ ಅವಳಿಯೇ, ತಲೆ ಕೆಳಗಿದೆಯೇ, ದಿನ ತುಂಬಿದೆಯೇ, ಹಿಂದೆ ಸಿಸೇರಿಯನ್ ಆಗಿದೆಯೇ, ನೋವು ತಾನಾಗಿ ಬಂತೇ ಎಂಬುದರ ಮೇಲೆ ಎಲ್ಲ ಹೆಂಗಸರನ್ನೂ ಹತ್ತು ಗುಂಪು ಮಾಡಿ, ಗುಂಪುವಾರು ಲೆಕ್ಕ ಇಡುವುದು. ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಜಗತ್ತಿನೆಲ್ಲೆಡೆ ಇದನ್ನೇ ಬಳಸಿ ಎನ್ನುತ್ತಿದೆ. ಇದು ನಿಮ್ಮ ಮೊದಲ ಹೆರಿಗೆಯಾಗಿದ್ದು, ಮಗುವಿನ ತಲೆ ಕೆಳಗಿದ್ದರೆ, "ನನ್ನಂಥವರಲ್ಲಿ ಎಷ್ಟು ಮಂದಿಗೆ ಸಿಸೇರಿಯನ್ ಆಗುತ್ತದೆ?" ಎಂದು ಕೇಳಿ. ಅಮೆರಿಕದಲ್ಲಿ ಈ ಗುಂಪಿನ ಅಂಕಿಯನ್ನು ಎಷ್ಟೋ ಆಸ್ಪತ್ರೆಗಳು ಬಹಿರಂಗಪಡಿಸುತ್ತವೆ. ಸರ್ಕಾರ ಇಟ್ಟುಕೊಂಡಿರುವ ಗುರಿ 23.6 ಶೇಕಡ. ಅಂಕಿ ಬಾಯಿಪಾಠ ಇಲ್ಲದಿದ್ದರೂ ಪರವಾಗಿಲ್ಲ. "ಹುಡುಕಿ ಹೇಳುತ್ತೇನೆ" ಎನ್ನುವ ವೈದ್ಯರಿಗೂ "ಇದೆಲ್ಲ ನಿಮಗೇಕೆ" ಎನ್ನುವ ವೈದ್ಯರಿಗೂ ಇರುವ ಅಂತರವೇ ಒಂದು ಉತ್ತರ.

ಈಗ ಇನ್ನೊಂದು ಬದಿಗೆ ಬರುತ್ತೇನೆ. ಇದನ್ನು ಬಿಟ್ಟರೆ ನಾನು ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಸಹಜ ಹೆರಿಗೆಯ ಹಟ ಕೂಡ ಜೀವ ತೆಗೆದಿದೆ. ಇಂಗ್ಲೆಂಡಿನ ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳ ಬಗ್ಗೆ ಡೊನಾ ಆಕೆಂಡೆನ್ ನೇತೃತ್ವದ ತನಿಖೆ 2022ರಲ್ಲಿ ವರದಿ ಕೊಟ್ಟಿತು: ಸರಿಯಾದ ಆರೈಕೆ ಸಿಕ್ಕಿದ್ದರೆ 200ಕ್ಕೂ ಹೆಚ್ಚು ಶಿಶುಗಳು ಬದುಕುಳಿಯಬಹುದಿತ್ತು. ಸಿಸೇರಿಯನ್ ಮಾಡಬೇಕಾದ ಹೊತ್ತಿನಲ್ಲೂ ಹಿಂಜರಿದದ್ದು ಅಲ್ಲಿ ಕಂಡ ತಪ್ಪುಗಳಲ್ಲಿ ಒಂದು. ನೋವು ಬರಿಸಿದರೆ ಸಿಸೇರಿಯನ್ ಹೆಚ್ಚುತ್ತದೆ ಎಂಬ ನಂಬಿಕೆಯನ್ನೂ ಅಮೆರಿಕದ ಅರೈವ್ ಪ್ರಯೋಗ 2018ರಲ್ಲಿ ಅಲುಗಾಡಿಸಿತು. ತೊಂದರೆಯಿಲ್ಲದ 6,000ಕ್ಕೂ ಹೆಚ್ಚು ಚೊಚ್ಚಲ ಬಸುರಿಯರಲ್ಲಿ, 39ನೇ ವಾರದಲ್ಲಿ ನೋವು ಬರಿಸಿದವರಿಗೆ 18.6 ಶೇಕಡ ಸಿಸೇರಿಯನ್ ಆಯಿತು, ಕಾದವರಿಗೆ 22.2 ಶೇಕಡ. ಎಲ್ಲರೂ ನೋವು ಬರಿಸಿಕೊಳ್ಳಬೇಕು ಎಂಬುದು ಇದರ ಅರ್ಥವಲ್ಲ. ನೋವು ಬರಿಸೋಣ ಎಂದ ವೈದ್ಯರನ್ನೆಲ್ಲ ಸಹಜ ಹೆರಿಗೆಯ ವೈರಿಗಳೆಂದು ಬಗೆಯುವಂತಿಲ್ಲ ಎಂಬುದು ಇದರ ಅರ್ಥ.

ಹಾಗಾದರೆ ಬೆಂಬಲ ಎಂದರೇನು? ನನ್ನ ಮಟ್ಟಿಗೆ, ಕೈಹಾಕುವ ಮೊದಲು ಕಾರಣ ಹೇಳುವವರು, ಬೇಡವೆಂದರೆ ಏನಾಗಬಹುದೆಂದು ಮುಚ್ಚಿಡದೆ ತಿಳಿಸುವವರು, ಅಪಾಯ ಕಂಡ ಗಳಿಗೆಯಲ್ಲಿ ತಡಮಾಡದವರು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಕೊಟ್ಟ ಮಾಂಟ್ಗೊಮರಿ ತೀರ್ಪು ಇದೇ ತತ್ವವನ್ನು ಎತ್ತಿಹಿಡಿಯಿತು. ಆ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಹೆರುವಾಗ ಮಗುವಿನ ಹೆಗಲು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚೆಂದು ವೈದ್ಯೆಗೆ ಗೊತ್ತಿದ್ದರೂ, ಹೇಳಿದರೆ ಆಕೆ ಸಿಸೇರಿಯನ್ ಕೇಳುತ್ತಾಳೆಂದು ಹೇಳಲಿಲ್ಲ. ಹೆಗಲು ಸಿಕ್ಕಿಬಿತ್ತು, ಮಗುವಿನ ಮೆದುಳಿಗೆ ಪೆಟ್ಟಾಯಿತು. ತಾಯಿಗೆ ಮುಖ್ಯವೆನಿಸಬಹುದಾದ ಅಪಾಯವನ್ನೂ ಇರುವ ಬೇರೆ ದಾರಿಗಳನ್ನೂ ವೈದ್ಯರು ಹೇಳಲೇಬೇಕು ಎಂದಿತು ನ್ಯಾಯಾಲಯ. ಸಹಜ ಹೆರಿಗೆ ಬೇಕೆನ್ನುವವಳಿಗೂ ಸಿಸೇರಿಯನ್ ಬೇಕೆನ್ನುವವಳಿಗೂ ಇರುವ ಹಕ್ಕು ಒಂದೇ.

ವೈದ್ಯರನ್ನು ಕೇಳುವ ಪ್ರಶ್ನೆಗಳು ನಡೆದುಹೋದದ್ದರ ಬಗ್ಗೆ ಇರಲಿ. "ಮಾಡುತ್ತೀರಾ?" ಎಂದರೆ ಯಾರಾದರೂ ಹೌದೆನ್ನುತ್ತಾರೆ. "ಕಳೆದ ತಿಂಗಳು ಮಾಡಿದ್ದೀರಾ?" ಎಂದರೆ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಕೊನೆಯ ಬಾರಿ ಯಾವಾಗ ಮಗು ಹೊರಬರುವ ದ್ವಾರಕ್ಕೆ ಕತ್ತರಿ ಹಾಕಿ ಹೊಲಿಗೆ ಹಾಕಿದಿರಿ, ಏಕೆ ಹಾಕಿದಿರಿ? ದಿನ ತುಂಬಿ ಒಂದು ವಾರ ದಾಟಿದವರಿಗೆ ಏನು ಮಾಡಿದಿರಿ? ಮಗು ಬುಡ ಕೆಳಗಾಗಿ ಕುಳಿತಿದ್ದಾಗ ಹೊಟ್ಟೆಯ ಮೇಲಿಂದ ತಿರುಗಿಸುವ ಪ್ರಯತ್ನ ಮಾಡುತ್ತೀರಾ? ಪಳಗಿದ ಕೈಯಾದರೆ ಸುಮಾರು ಅರ್ಧದಷ್ಟು ಮಕ್ಕಳು ತಿರುಗುತ್ತವೆ. ಹಿಂದೊಮ್ಮೆ ಸಿಸೇರಿಯನ್ ಆಗಿದ್ದರೆ ಈ ಮಾತುಕತೆ ಇನ್ನೂ ಮುಖ್ಯ. ಅಂಥವರು ಸಹಜ ಹೆರಿಗೆಗೆ ಯತ್ನಿಸಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಕೈಗೂಡುತ್ತದೆ. ಸುಮಾರು 200ರಲ್ಲಿ ಒಬ್ಬರಿಗೆ ಹಳೆಯ ಗಾಯದ ಜಾಗದಲ್ಲಿ ಗರ್ಭಕೋಶ ಬಿರಿಯುವ ಅಪಾಯವೂ ಇದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ತಂಡ ರಾತ್ರಿಯೂ ಆಸ್ಪತ್ರೆಯೊಳಗೇ ಇರುತ್ತದೆಯೇ ಎಂದು ಕೇಳಿಯೇ ಮುಂದುವರಿಯಬೇಕು.

ಪರದೇಶದಲ್ಲಿರುವವರಿಗೆ ಇದರ ಮೇಲೆ ಭಾಷೆಯ ಕಷ್ಟ. ಕಚೇರಿಯಲ್ಲಿ ಚೆನ್ನಾಗಿ ನಡೆಯುವ ಪರಭಾಷೆ ನೋವಿನ ನಡುವೆ ಕೈಕೊಡುತ್ತದೆ. ತಾಯ್ನುಡಿಯಲ್ಲಿ "ಸ್ವಲ್ಪ ತಾಳಿ" ಎನ್ನುವುದು ಸುಲಭ. ಪರಭಾಷೆಯಲ್ಲಿ ಅದನ್ನು ಹುಡುಕುವಷ್ಟರಲ್ಲಿ ಸಹಿ ಹಾಕುವ ಕಾಗದ ಮುಂದೆ ಬಂದಿರುತ್ತದೆ. ಒಪ್ಪಿಗೆ ಪತ್ರಗಳನ್ನು, ಎಪಿಡ್ಯೂರಲ್ ಮತ್ತು ಸಿಸೇರಿಯನ್‌ನವನ್ನೂ ಸೇರಿಸಿ, ಎಂಟನೇ ತಿಂಗಳಿನಲ್ಲೇ ಮನೆಗೆ ತಂದು ಓದಿ. ಆಸ್ಪತ್ರೆಯಲ್ಲಿ ದುಭಾಷಿ ಸೌಲಭ್ಯ ಇದ್ದರೆ ಹೆಸರು ಬರೆಸಿ. ಗಂಡನೋ ಗೆಳತಿಯೋ ಆ ಕೆಲಸ ಮಾಡಲಿ ಎಂದುಕೊಳ್ಳಬೇಡಿ, ಅವರಿಗೂ ಆಗ ಗಾಬರಿ ಇರುತ್ತದೆ. ನಿಮ್ಮ ಇಷ್ಟಾನಿಷ್ಟಗಳನ್ನು ಅಲ್ಲಿನ ಭಾಷೆಯಲ್ಲಿ ಒಂದೇ ಪುಟದಲ್ಲಿ ಬರೆದು ಕಡತದಲ್ಲಿ ಸೇರಿಸಿ. ಪುಟ ಎರಡಾದರೆ ರಾತ್ರಿ ಪಾಳಿಯವರು ಓದುವುದಿಲ್ಲ.

ಜೊತೆಗಾರ್ತಿಯ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಹೆರಿಗೆಯುದ್ದಕ್ಕೂ ಯಾರಾದರೂ ಒಬ್ಬರು ಬಿಡದೆ ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ ಎಂದು 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ತವರಿನವರು ಬರಲಾಗದ ಕಡೆ ಡೌಲಾ ಎಂಬ ತರಬೇತಾದ ಜೊತೆಗಾರ್ತಿಯರು ಸಿಗುತ್ತಾರೆ. ಅವರಿಂದ ಇನ್ನೊಂದು ಉಪಯೋಗವೂ ಇದೆ. ಆ ಊರಿನ ಆಸ್ಪತ್ರೆಗಳ ಹೆರಿಗೆ ಕೋಣೆಗಳನ್ನು ಒಳಗಿನಿಂದ ನೋಡಿರುವ ಹೊರಗಿನವರು ಅವರು. ಯಾವ ಆಸ್ಪತ್ರೆಯಲ್ಲಿ ಕಾಯುತ್ತಾರೆ ಎಂದು ಕೇಳಿದರೆ ನೇರವಾಗಿ ಹೇಳಬಲ್ಲರು.

ಮನೆಯಲ್ಲಿ ಹೆರುವ ಆಲೋಚನೆ ಇರುವವರು ಮಾತ್ರ ಇಂಗ್ಲೆಂಡಿನ 2011ರ ಬರ್ತ್‌ಪ್ಲೇಸ್ ಅಧ್ಯಯನವನ್ನು ನೋಡಬೇಕು. ತೊಂದರೆಯಿಲ್ಲದ ಸುಮಾರು 64,000 ಹೆರಿಗೆಗಳಲ್ಲಿ, ಮಿಡ್‌ವೈಫ್‌ಗಳೇ ನಡೆಸುವ ಕೇಂದ್ರಗಳಲ್ಲಿ ಮಗುವಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ, ಅನಗತ್ಯವಾಗಿ ಕೈಹಾಕುವುದೂ ಕಡಿಮೆ. ಚೊಚ್ಚಲ ಹೆರಿಗೆಯನ್ನು ಮನೆಯಲ್ಲಿ ಯೋಜಿಸಿದವರಲ್ಲಿ ಮಾತ್ರ ಗಂಭೀರ ತೊಂದರೆ ಸಾವಿರಕ್ಕೆ 9.3, ಆಸ್ಪತ್ರೆಯಲ್ಲಿ 5.3. ಅದೂ ಆಂಬುಲೆನ್ಸ್, ಮಿಡ್‌ವೈಫ್, ಆಸ್ಪತ್ರೆ ಮೂರೂ ಒಂದೇ ಹೆಣಿಗೆಯಲ್ಲಿರುವ ದೇಶದಲ್ಲಿ. ಆ ಹೆಣಿಗೆ ಇಲ್ಲದ ಕಡೆ ಈ ಅಂಕಿಗಳನ್ನು ನಂಬಿ ಹೊರಡುವುದು ಸರಿಯಲ್ಲ.

ಕಾಗದಪತ್ರದ ಕೆಲಸ ಬೇಗ ಮುಗಿಸಿ. ವಿಮೆಯವರು ಯಾವ ಆಸ್ಪತ್ರೆ ಒಪ್ಪುತ್ತಾರೆ, ಮಿಡ್‌ವೈಫ್‌ಗೆ ಹಣ ಕೊಡುತ್ತಾರೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ತಪಾಸಣೆಯ ಎಲ್ಲ ವರದಿಗಳ ಪ್ರತಿ ನಿಮ್ಮ ಬಳಿಯೇ ಇರಲಿ. ಹುಟ್ಟೂರಿಗೆ ಹೋಗಿ ಹೆರುವ ಯೋಚನೆಯಿದ್ದರೆ, 28ನೇ ವಾರದ ನಂತರ ಬಹಳಷ್ಟು ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, 36 ದಾಟಿದರೆ ಹೆಚ್ಚಿನವು ಹತ್ತಿಸಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ವೈದ್ಯರನ್ನು ಬದಲಿಸಲು ತಡವಾಯಿತು ಎಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ನಾನು ಬದಲಿಸಿದ್ದು 33ನೇ ವಾರದಲ್ಲಿ. ಎರಡು ಕಡೆ ಸೇರಿಸಿಕೊಳ್ಳಲಿಲ್ಲ, ಮೂರನೆಯ ಆಸ್ಪತ್ರೆಯವರು "ವರದಿಗಳನ್ನು ತನ್ನಿ" ಎಂದರು. ಹಳೆಯ ವೈದ್ಯೆಗೆ ಹೇಳುವಾಗ ನನಗೆ ಅಳುಕಿತ್ತು, ಅವರು ಬೇಸರಿಸದೆ ಕಡತ ಕಳಿಸಿದರು. ಹೊಸ ಕಡೆಯೂ ನನಗೆ ಗೊತ್ತಿರುವ ವೈದ್ಯರು ಯಾರೂ ಇರಲಿಲ್ಲ, ಅಲ್ಲಿಯೂ ಪಾಳಿಯೇ. ವಾರ್ಡ್ ತೋರಿಸಲು ಬಂದ ಮಿಡ್‌ವೈಫ್ ಮಂಚವನ್ನು ಗೋಡೆಗೆ ಒತ್ತಿಸಿಟ್ಟ ಕೋಣೆಯೊಂದರ ಬಾಗಿಲು ತೆರೆದರು. ನಡುವೆ ನೆಲದ ಮೇಲೆ ಚಾಪೆ, ದೊಡ್ಡ ರಬ್ಬರ್ ಚೆಂಡು, ಛಾವಣಿಯಿಂದ ಇಳಿಬಿಟ್ಟ ಹಿಡಿದುಕೊಳ್ಳುವ ಬಟ್ಟೆ. ಮೂಲೆಯಲ್ಲೊಂದು ಸಾದಾ ಕುರ್ಚಿ. "ಅದು ಯಾರಿಗೆ?" ಎಂದು ಕೇಳಿದೆ. "ನಮಗೆ," ಎಂದರು ಆಕೆ. "ನಿನ್ನೆ ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ನಾನು ಅಲ್ಲೇ ಕೂತಿದ್ದೆ."